ಫಿನ್‌ಲ್ಯಾಂಡ್ ಹಳ್ಳಿಯಲ್ಲಿ ಮೂರು ದಿನದ ಚಳಿಗಾಲದ ಸಮ್ಮೇಳನ: 42 ಜನರಿಗೆ ಏನು ಮಾಡಿಸುವುದು?

ಯುವಾಸ್ಕುಲಾ_ಹುಡುಗಿ
ಜನವರಿ 7, ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಸಲಹೆ ಬೇಕಿತ್ತು, ಉದ್ದ ಆಯ್ತು ಅಂತ ಬೈಯಬೇಡಿ.

ನಾನು ಯುವಾಸ್ಕುಲಾದಲ್ಲಿ ಪಿಎಚ್‌ಡಿ ಎರಡನೇ ವರ್ಷ. ನಮ್ಮ ವಿಭಾಗದವರು ಈ ತಿಂಗಳ ಕೊನೆಗೆ ವಿದ್ಯಾರ್ಥಿಗಳಿಗಾಗಿ ಒಂದು ಸಮ್ಮೇಳನ ಇಟ್ಟುಕೊಂಡಿದ್ದಾರೆ, ಗುರುವಾರದಿಂದ ಶನಿವಾರ. ಜಾಗ ಊರಿಂದ ಬಸ್ಸಿನಲ್ಲಿ ಒಂದು ಗಂಟೆ, ಕೆರೆ ದಂಡೆಯ ಒಂದು ತರಬೇತಿ ಕೇಂದ್ರ. ಸುತ್ತ ಕಾಡು. ಹತ್ತಿರದ ಅಂಗಡಿ 11 ಕಿಲೋಮೀಟರ್. 42 ಜನ ಬರುತ್ತಾರೆ: ಬ್ರೆಜಿಲ್, ನೈಜೀರಿಯಾ, ವಿಯೆಟ್ನಾಂ, ಇರಾನ್, ಇಟಲಿ, ಭಾರತದವರು ಐದು ಜನ, ಇಲ್ಲಿಯವರು ಹತ್ತು ಹನ್ನೆರಡು. ಸಭೆಯಲ್ಲಿ "ಸಂಜೆ ಕಾರ್ಯಕ್ರಮ ಯಾರು ನೋಡಿಕೊಳ್ಳುತ್ತೀರಿ" ಅಂದಾಗ ಎಲ್ಲರೂ ತಲೆ ತಗ್ಗಿಸಿ ಕೂತರು. ನಾನೊಬ್ಬಳು ತಲೆ ಎತ್ತಿದೆ. ಕೆಲಸ ನನ್ನ ಕೊರಳಿಗೆ ಬಿತ್ತು.

ಕೈಯಲ್ಲಿರುವುದು 600 ಯೂರೋ. ಊಟ, ವಸತಿ ಬೇರೆ ಲೆಕ್ಕ. ನನ್ನ ಯೋಜನೆ ಹೀಗಿದೆ: ಬೆಳಗ್ಗೆ ಒಂಬತ್ತರಿಂದ ಐದು ಭಾಷಣ, ಆರಕ್ಕೆ ಊಟ, ಮೊದಲ ರಾತ್ರಿ ಎಲ್ಲರಿಗೂ ಸೌನಾ (ಬಿಸಿ ಹಬೆಯ ಕೋಣೆಯಲ್ಲಿ ಕೂತು ಬೆವರುವುದು) ಮತ್ತು ಹೆಪ್ಪುಗಟ್ಟಿದ ಕೆರೆಯ ಮಂಜುಗಡ್ಡೆಗೆ ಕೊರೆದ ತೂತಿನಲ್ಲಿ ಮುಳುಗುವುದು, ಎರಡನೇ ರಾತ್ರಿ ಕ್ವಿಜ್ ಮತ್ತು ಪಾರ್ಟಿ, ಶನಿವಾರ ಹಸ್ಕಿ ನಾಯಿಗಳು ಎಳೆಯುವ ಜಾರುಗಾಡಿಯ ಸವಾರಿ. ಹಸ್ಕಿಗೆ ಆಸೆ ಇದ್ದವರು ಕೈಯಿಂದ ದುಡ್ಡು ಹಾಕಬೇಕಾಗುತ್ತದೆ. ಏನನಿಸುತ್ತದೆ?

ತಾಂಪೆರೆ_ತಿಮ್ಮ
ಜನವರಿ 7, ರಾತ್ರಿ 10:25

ತಪ್ಪಿರುವುದು ಆಟದಲ್ಲಲ್ಲ, ಗಡಿಯಾರದಲ್ಲಿ. ಜನವರಿ ಕೊನೆಗೆ ನಿಮ್ಮ ಕಡೆ ಸೂರ್ಯ ಹುಟ್ಟುವುದು ಒಂಬತ್ತರ ಸುಮಾರಿಗೆ, ಮುಳುಗುವುದು ನಾಲ್ಕರ ಸುಮಾರಿಗೆ. ನೀವು ಒಂಬತ್ತರಿಂದ ಐದು ಭಾಷಣ ಇಟ್ಟರೆ ಬ್ರೆಜಿಲ್‌ನಿಂದ ಬಂದವನು ಇಡೀ ಕಾಡನ್ನು ಪ್ರೊಜೆಕ್ಟರಿಗಾಗಿ ಎಳೆದ ಪರದೆಯ ಸಂದಿಯಿಂದ ನೋಡಿಕೊಂಡು ವಾಪಸ್ ಹೋಗುತ್ತಾನೆ. ಅಷ್ಟು ದೂರ ಬಸ್ಸಿನಲ್ಲಿ ಕರೆದುಕೊಂಡು ಹೋಗಿದ್ದು ಯಾಕೆ ಮತ್ತೆ? ಊರಲ್ಲೇ ಒಂದು ಕೋಣೆಯಲ್ಲಿ ಕೂರಿಸಬಹುದಿತ್ತು.

ನಾನು ಒಮ್ಮೆ ಹ್ಯುತಿಯಾಲಾಗೆ ಚಳಿಗಾಲದ ಕೋರ್ಸಿಗೆ ಹೋಗಿದ್ದೆ. ಹೆಲ್ಸಿಂಕಿ ವಿಶ್ವವಿದ್ಯಾಲಯದ ಅರಣ್ಯ ಕೇಂದ್ರ ಅದು, 1910ರಿಂದ ಇದೆ. ಕಾಡಿಗೂ ಗಾಳಿಗೂ ನಡುವೆ ಏನೇನು ಕೊಡು ಕೊಳ್ಳು ನಡೆಯುತ್ತದೆ ಅಂತ ಅಳೆಯುವ ದೊಡ್ಡ ಗೋಪುರ ಇದೆ, ಆ ಅಳತೆ 1995ರಿಂದ ನಡೆಯುತ್ತಿದೆ. ಅಲ್ಲಿ ನನಗೆ ಈಗಲೂ ನೆನಪಿರುವುದು ಮಧ್ಯಾಹ್ನ ಊಟ ಮಾಡಿ ಹೊರಗೆ ಅಲೆದದ್ದು. ಎರಡು ತಾಸು ಬಿಡುವು, ಕೆನ್ನೆ ಕೆಂಪಾಗಿ ಒಳಗೆ ಬಂದರೆ ಕತ್ತಲೆ ಶುರು, ಆಮೇಲೆ ಭಾಷಣ ಕೇಳಲು ಯಾರಿಗೂ ತಕರಾರಿಲ್ಲ. ಹೇಗಿದ್ದರೂ ಹೊರಗೆ ನೋಡಲು ಏನೂ ಇರುವುದಿಲ್ಲವಲ್ಲ.

ಹನ್ನೆರಡರಿಂದ ಎರಡೂವರೆ ಖಾಲಿ ಬಿಡಿ. ಉಳಿದ ಭಾಷಣ ಎರಡೂವರೆಯಿಂದ ಆರೂವರೆಗೆ ತಳ್ಳಿ.

ಯುವಾಸ್ಕುಲಾ_ಹುಡುಗಿ
ಜನವರಿ 7, ರಾತ್ರಿ 10:41

ಅಯ್ಯೋ ಹೌದಲ್ಲ. ಇದು ತಲೆಗೇ ಹೊಳೆದಿರಲಿಲ್ಲ. ಪ್ರೊಫೆಸರ್ ಒಪ್ಪುತ್ತಾರಾ ಅನ್ನುವುದೇ ಪ್ರಶ್ನೆ.

ರಾಯಚೂರು_ಬಿಸಿಲು
ಜನವರಿ 7, ರಾತ್ರಿ 11:02

ಮಧ್ಯೆ ಬಂದದ್ದಕ್ಕೆ ಕ್ಷಮಿಸಿ. ನಾನು ಆಗಸ್ಟ್‌ನಲ್ಲಿ ಬಂದವನು, ಲಪ್ಪೇನ್ರಾಂತದಲ್ಲಿ ಮಾಸ್ಟರ್ಸ್. ನಮ್ಮಲ್ಲೂ ಫೆಬ್ರವರಿಯಲ್ಲಿ ಇಂಥದ್ದೇ ಒಂದಿದೆ. ನೇರವಾಗಿ ಕೇಳುತ್ತೇನೆ: ಸೌನಾದಲ್ಲಿ ಎಲ್ಲರ ಜೊತೆ ಬಟ್ಟೆ ಇಲ್ಲದೆ ಕೂರಬೇಕಾ? ಆ ಒಂದು ಹೆದರಿಕೆಗೇ ನಾನು ಇನ್ನೂ ಸಮ್ಮೇಳನಕ್ಕೆ ಹೆಸರು ಕೊಟ್ಟಿಲ್ಲ. ನಮ್ಮೂರ ಬೇಸಿಗೆ ನೋಡಿದವನಿಗೆ ದುಡ್ಡು ಕೊಟ್ಟು ಬೆವರುವುದು ಯಾಕೆ ಅಂತ ಬೇರೆ ಅರ್ಥವಾಗುತ್ತಿಲ್ಲ.

ಸಾಗರದವಳು
ಜನವರಿ 8, ಬೆಳಗ್ಗೆ 7:15

ತಮ್ಮಾ, ಹೆಸರು ಕೊಡು, ಹೆದರಬೇಡ. ನಾನು ಹೆಲ್ಸಿಂಕಿಗೆ ಬಂದು ಒಂಬತ್ತು ವರ್ಷ ಆಯ್ತು, ನನಗೂ ಮೊದಲ ಸಲ ಹೊಟ್ಟೆಯಲ್ಲಿ ಚಿಟ್ಟೆ ಹಾರಿತ್ತು.

ಇಲ್ಲಿಯ ಪದ್ಧತಿ ಅಂದರೆ ಗಂಡಸರು ಹೆಂಗಸರು ಬೇರೆ ಬೇರೆ ಸರದಿಯಲ್ಲಿ ಹೋಗುತ್ತಾರೆ, ಬಟ್ಟೆ ಇರುವುದಿಲ್ಲ, ಯಾರೂ ಯಾರನ್ನೂ ನೋಡುವುದೂ ಇಲ್ಲ. ಒಟ್ಟಿಗೆ ಹೋಗುವುದಾದರೆ, ಅದರಲ್ಲೂ ಹೊರದೇಶದವರು ಇದ್ದರೆ, ಈಜುಡುಗೆ ಹಾಕುತ್ತಾರೆ. ಟವೆಲ್ ಸುತ್ತಿಕೊಂಡು ಕೂತರೂ ಯಾರೂ ಏನೂ ಅನ್ನುವುದಿಲ್ಲ. ಮೊದಲು ಮೈ ತೊಳೆದುಕೊಂಡು ಹೋಗಬೇಕು, ಕೂರುವ ಹಲಗೆ ಮೇಲೆ ಒಂದು ಬಟ್ಟೆ ಹಾಸಿಕೊಳ್ಳಬೇಕು, ಇವೆರಡು ಮರೆತರೆ ಮಾತ್ರ ಮುಖ ಸಿಂಡರಿಸುತ್ತಾರೆ. ಮೇಲಿನ ಹಲಗೆ ಬಿಸಿ ಜಾಸ್ತಿ, ಹೊಸಬರು ಕೆಳಗೆ ಕೂರಬೇಕು. ಸಾಕು ಅನಿಸಿದಾಗ ಎದ್ದು ಹೋಗಬಹುದು, ಯಾರ ಅಪ್ಪಣೆಯೂ ಬೇಡ. ಕಾದ ಕಲ್ಲಿನ ಮೇಲೆ ನೀರು ಎರಚಿದಾಗ ಏಳುವ ಹಬೆಗೆ ಲೋಯ್ಲು ಅನ್ನುತ್ತಾರೆ. ನಮ್ಮ ಮಲೆನಾಡಿನ ಹಳೇ ಬಚ್ಚಲು ನೆನಪಿದೆಯಾ, ಹಂಡೆ ಒಲೆ, ಹೊಗೆ, ಕಪ್ಪು ಗೋಡೆ? ಇಲ್ಲಿ ಚಿಮಣಿ ಇಲ್ಲದ ಹೊಗೆ ಸೌನಾ ಅಂತ ಇದೆ, ಅದರ ವಾಸನೆ ಬಂದಾಗ ನನಗೆ ಅಜ್ಜಿ ಮನೆ ದೀಪಾವಳಿಯ ಎಣ್ಣೆ ಸ್ನಾನವೇ ನೆನಪಾಗುತ್ತದೆ.

ಸುಮಾರು 56 ಲಕ್ಷ ಜನರ ದೇಶದಲ್ಲಿ ಸುಮಾರು 30 ಲಕ್ಷ ಸೌನಾ. ಯುನೆಸ್ಕೋ ಪಟ್ಟಿಗೂ 2020ರಲ್ಲಿ ಸೇರಿತು. ಇವರಿಗೆ ಅದು ವಿಶೇಷ ಅಲ್ಲ, ಮನೆಯ ಒಂದು ಕೋಣೆ ಅಷ್ಟೇ. ಸಮ್ಮೇಳನದವರು ಅದನ್ನು ಸರ್ಕಸ್ ಮಾಡಿದಾಗಲೇ ತೊಂದರೆ.

ಹಾಗಾಗಿ @ಯುವಾಸ್ಕುಲಾ_ಹುಡುಗಿ, "ಎಲ್ಲರಿಗೂ ಸೌನಾ" ಅನ್ನುವ ಸಾಲು ತೆಗೆದುಬಿಡು. ಮೂರು ಸರದಿ ಬರೆ: ಹೆಂಗಸರು, ಗಂಡಸರು, ಆಮೇಲೆ ಈಜುಡುಗೆಯಲ್ಲಿ ಎಲ್ಲರೂ. ಅದೇ ಹೊತ್ತಿಗೆ ಇನ್ನೊಂದು ಕೋಣೆಯಲ್ಲಿ ಕಾಫಿ, ಬೋರ್ಡ್ ಆಟ ಇರಲಿ. ಹೋಗದವರು ಕೋಣೆ ಸೇರಿ ಒಬ್ಬರೇ ಮೊಬೈಲ್ ನೋಡುವ ಹಾಗಾಗಬಾರದು.

ಔಲು_ಗುರು
ಜನವರಿ 8, ಬೆಳಗ್ಗೆ 9:30

ಇಷ್ಟೊಂದು ಮೃದು ಮಾಡಿದರೆ ಫಿನ್‌ಲ್ಯಾಂಡಿಗೆ ಯಾಕೆ ಬರಬೇಕು ಗುರು? ಮಂಜಿನ ತೂತಿಗೆ ಎಲ್ಲರನ್ನೂ ಇಳಿಸಿ. ನಾನು ಮೊದಲ ಸಲ ಹೆದರಿ ನಿಂತಿದ್ದೆ, ಗೆಳೆಯರು ಕೂಗಿ ಕೂಗಿ ಇಳಿಸಿದರು, ಈಗ ವಾರಕ್ಕೆ ಎರಡು ಸಲ ಹೋಗುತ್ತೇನೆ. ತಳ್ಳದಿದ್ದರೆ ಯಾರೂ ಇಳಿಯುವುದಿಲ್ಲ.

ಸಾಗರದವಳು
ಜನವರಿ 8, ಬೆಳಗ್ಗೆ 9:52

ನಿಮಗೆ ಒಳ್ಳೆಯದಾಯಿತು, ಸಂತೋಷ. ಆದರೆ ಬಿಪಿ ಇರುವವರು, ಹೃದಯದ ತೊಂದರೆ ಇರುವವರು ಆ ಗುಂಪಿನಲ್ಲಿ ಕೈ ಎತ್ತಿ ಹೇಳುತ್ತಾರಾ? 42 ಜನ ಕೂಗುತ್ತಾ ನಿಂತಾಗ? ತಣ್ಣೀರು ತಾಗಿದ ಕೂಡಲೇ ಉಸಿರು ಕಟ್ಟಿದ ಹಾಗಾಗುತ್ತದೆ, ಗಾಬರಿ ಆದರೆ ಕಷ್ಟ. ಏಣಿ ಹಿಡಿದು ನಿಧಾನ ಇಳಿಯಬೇಕು, ತಲೆ ಮುಳುಗಿಸಬಾರದು, ಹಾರಲೇಬಾರದು, ಕುಡಿದು ಹೋಗಬಾರದು, ದಡದಲ್ಲಿ ಯಾವಾಗಲೂ ಒಬ್ಬರಿರಬೇಕು. ಕಾಲಿಗೆ ಉಣ್ಣೆ ಸಾಕ್ಸ್ ಆದರೂ ಹಾಕಿಕೊಳ್ಳಿ, ಇಲ್ಲಾಂದರೆ ದಾರಿಯ ಮಂಜಿಗೆ ಅಂಗಾಲು ಅಂಟುತ್ತದೆ. ಇಷ್ಟು ಹೇಳಿ ಸುಮ್ಮನಿದ್ದರೆ ಸಾಕು. ಆಸೆ ಇರುವವರು ತಾವೇ ಹೋಗುತ್ತಾರೆ.

ಔಲು_ಗುರು
ಜನವರಿ 8, ಬೆಳಗ್ಗೆ 10:10

ಬಿಪಿ ವಿಷಯ ಒಪ್ಪಿದೆ ಅಕ್ಕ. ಕೂಗುವುದು ಬಿಡುವುದಿಲ್ಲ, ತಳ್ಳುವುದು ಬಿಡುತ್ತೇನೆ 😄

ಕಾಫಿಗಿಡ
ಜನವರಿ 8, ಮಧ್ಯಾಹ್ನ 1:20

ಯಾರೂ ಊಟದ ಮಾತೇ ಎತ್ತಲಿಲ್ಲವಲ್ಲ, ನಮ್ಮ ಜನ ಹೌದೋ ಅಲ್ಲವೋ?

ನಿಮ್ಮದು ಶುರು ಆಗುವುದು ಗುರುವಾರ. ಗುರುವಾರ ಅಂದರೆ ಇಲ್ಲಿ ಬಟಾಣಿ ಸೂಪು ಮತ್ತು ಒಲೆಯಲ್ಲಿ ಸುಟ್ಟ ದಪ್ಪ ಪ್ಯಾನ್‌ಕೇಕು, ಸೈನ್ಯದಲ್ಲಿ, ಶಾಲೆಯಲ್ಲಿ, ಹಾಸ್ಟೆಲಿನಲ್ಲಿ ಎಲ್ಲ ಕಡೆ. ನೋಡಲು ನಮ್ಮ ಹೆಸರುಕಾಳು ಗಂಜಿ ಇದ್ದ ಹಾಗೆ ಇರುತ್ತದೆ, ಒಳಗೆ ಸಾಮಾನ್ಯವಾಗಿ ಹಂದಿ ಮಾಂಸ. ಇರಾನಿನವರು, ನಮ್ಮ ಸಸ್ಯಾಹಾರಿಗಳು ಇಬ್ಬರಿಗೂ ಆಗುವುದಿಲ್ಲ. ಅಡುಗೆಯವರಿಗೆ ಈಗಲೇ ಹೇಳಿ, ಬೇರೆ ಪಾತ್ರೆ, ಬೇರೆ ಸೌಟು, ಪಾತ್ರೆ ಮೇಲೆ ಇಂಗ್ಲಿಷಿನಲ್ಲೂ ಚೀಟಿ.

ಬೆಂಕಿ ಹಾಕಿ ಮಕ್ಕರ ಸುಡುವುದು ಹೇಗಿದ್ದರೂ ಇರುತ್ತದೆ. ಅದು ಸಾಸೇಜು, ಬಹಳಷ್ಟು ಬ್ರಾಂಡಿನಲ್ಲಿ ಹಂದಿ. ಅದರ ಪಕ್ಕದಲ್ಲಿ ಅಣಬೆ, ಜೋಳದ ತೆನೆ, ಹಲ್ಲೂಮಿ ಚೀಸು ಇಡಿ, ಬೇರೆ ಕಡ್ಡಿ. ಲೇಪ ಯೂಸ್ತೊ ಅಂತ ಒಂದು ಚೀಸು ಸಿಗುತ್ತದೆ, ಕಚ್ಚಿದರೆ ಕಿರ್ ಕಿರ್ ಅನ್ನುತ್ತದೆ, ನಮ್ಮ ಪನೀರಿನ ದೂರದ ನೆಂಟ. ಕಾಫಿ ಜೊತೆ ಕೊಡಿ, ಎಲ್ಲರಿಗೂ ಇಷ್ಟ ಆಗುತ್ತದೆ.

ಇನ್ನೊಂದು: ಜನವರಿ ಪೂರ್ತಿ ರೂನೆಬರ್ಗ್ ಕೇಕು ಸಿಗುತ್ತದೆ. ರಾಷ್ಟ್ರಕವಿ ಅವರು, ಹುಟ್ಟಿದ ದಿನ ಫೆಬ್ರವರಿ 5, ಅದಕ್ಕೇ ಆ ಸಮಯ. ಸಣ್ಣ ಉದ್ದ ಕೇಕು, ತಲೆ ಮೇಲೆ ರಾಸ್‌ಬೆರಿ ಜಾಮ್. ಏಲಕ್ಕಿ ವಾಸನೆಯ ಸುರುಳಿ ಬನ್ನು ವರ್ಷ ಪೂರ್ತಿ ಸಿಗುತ್ತದೆ, ಅದರ ಹೆಸರು ಕೊರ್ವಪೂಸ್ತಿ. ಅರ್ಥ ಏನು ಗೊತ್ತಾ? ಕಪಾಳಮೋಕ್ಷ. ಏಲಕ್ಕಿ ಬೆಳೆಯುವ ಕಡೆಯಿಂದ ಬಂದು ಅವರ ಕೈಯಲ್ಲಿ ಏಲಕ್ಕಿ ಕಪಾಳಮೋಕ್ಷ ತಿನ್ನುವುದು ನನ್ನ ಹಣೆಬರಹ.

ತಾಂಪೆರೆ_ತಿಮ್ಮ
ಜನವರಿ 8, ಸಂಜೆ 6:05

ಈಗ ದುಡ್ಡಿನ ಮಾತು. ಹಸ್ಕಿ ಬಿಡಿ. ನಾಯಿಗಳ ಮೇಲೆ ಕೋಪ ಇಲ್ಲ, ಕೈಯಿಂದ ದುಡ್ಡು ಹಾಕಿ ಅಂದ ಕೂಡಲೇ ಗುಂಪು ಎರಡಾಗುತ್ತದೆ. ಕೊಟ್ಟವರು ನಗುತ್ತಾ ಫೋಟೋ ಹಾಕುತ್ತಾರೆ, ಕೊಡಲಾಗದವರು "ನನಗೆ ತಲೆನೋವು" ಅನ್ನುತ್ತಾರೆ. ನಾನು ಹಾಗೆ ತಲೆನೋವು ಬರಿಸಿಕೊಂಡವನು, ಗೊತ್ತು.

600 ಯೂರೋದಲ್ಲಿ ಏನೇನು ಆಗುತ್ತದೆ ನೋಡಿ. ಜಾರುಬಂಡಿ, ಇಲ್ಲಿಯವರು ಪುಲ್ಕ್ಕ ಅನ್ನುವ ಪ್ಲಾಸ್ಟಿಕ್ಕಿನದು, ಅಗ್ಗ. ಒದ್ದು ಓಡಿಸುವ ಪೊತ್ಕುಕೆಲ್ಕ್ಕ ಅನ್ನುವ ಕುರ್ಚಿ ಗಾಡಿ ಕೇಂದ್ರದವರ ಬಳಿಯೇ ಇರಬಹುದು, ಕೇಳಿ. ಕೆಲವು ಊರಿನ ಲೈಬ್ರರಿಗಳು ಪುಸ್ತಕದ ಜೊತೆ ಸ್ಕೀ, ಹಿಮದ ಮೇಲೆ ನಡೆಯುವ ಬಲೆ ಚಪ್ಪಲಿ ಕೂಡ ಎರವಲು ಕೊಡುತ್ತವೆ. ಸ್ಕೀಗೆ ಗೆರೆ ಕೊರೆದ ದಾರಿ ಇರುತ್ತದೆ, ಲಾತು ಅನ್ನುತ್ತಾರೆ. ಅದರ ಮೇಲೆ ಬೂಟು ಹಾಕಿ ನಡೆದರೆ ಎಂಥ ಶಾಂತ ಫಿನ್ನಿಶ್ ಅಜ್ಜನೂ ಬಾಯಿ ಬಿಡುತ್ತಾನೆ. ನಮ್ಮವರಿಗೆ ಮೊದಲೇ ಹೇಳಿ.

ಕೆರೆಯ ಮಂಜುಗಡ್ಡೆಯಲ್ಲಿ ಸಣ್ಣ ತೂತು ಕೊರೆದು ಗಾಳ ಹಾಕುವುದು ಇನ್ನೊಂದು. ಪಿಲ್ಕ್ಕಿ. ಕೆರೆಯಲ್ಲಿ ಇದಕ್ಕೆ ಪರವಾನಗಿಯೂ ಬೇಡ, ಶುಲ್ಕವೂ ಇಲ್ಲ, ಎಲ್ಲರಿಗೂ ಇರುವ ಹಕ್ಕು. ಮೀನು ಸಿಗದಿದ್ದರೂ ನಡೆಯುತ್ತದೆ. ಇಬ್ಬರು ಪಕ್ಕ ಪಕ್ಕ ಬಕೆಟ್ಟಿನ ಮೇಲೆ ಕೂತು ಒಂದು ತೂತು ನೋಡುತ್ತಿದ್ದರೆ ಮಾತು ತಾನಾಗಿ ಬರುತ್ತದೆ, ಬರದಿದ್ದರೂ ಮುಜುಗರ ಇಲ್ಲ. ಒಬ್ಬ ಮನುಷ್ಯ ನಡೆಯಲು ಕನಿಷ್ಠ 5 ಸೆಂಟಿಮೀಟರ್ ದಪ್ಪದ ಗಟ್ಟಿ ಮಂಜುಗಡ್ಡೆ ಬೇಕು ಅನ್ನುತ್ತಾರೆ, ಗುಂಪಿಗೆ ಅದು ಸಾಲದು. ಕೇಂದ್ರದವರು ಹೇಳಿದ ಜಾಗ ಬಿಟ್ಟು ಆಚೆ ಬೇಡ. ಹೊಳೆ ಸೇರುವ ಕಡೆ, ಸೇತುವೆ ಕೆಳಗೆ, ಜೊಂಡು ಇರುವ ಕಡೆ ಮಂಜು ಮೋಸ ಮಾಡುತ್ತದೆ. ಬೆಂಕಿಯೂ ಹಾಗೇ, ಕಾಡಲ್ಲಿ ಅಡ್ಡಾಡುವ ಹಕ್ಕು ಎಲ್ಲರಿಗೂ ಇದೆ, ಬೆಂಕಿ ಹಾಕುವುದಕ್ಕೆ ಜಾಗದ ಯಜಮಾನ ಒಪ್ಪಬೇಕು.

ಹಳೇ_ಮೈಸೂರು
ಜನವರಿ 8, ರಾತ್ರಿ 8:44

ಚೆನ್ನಾಗಿದೆ ಚರ್ಚೆ. ನನ್ನದು ಪುಕ್ಕಟೆ ಐಡಿಯಾ ಒಂದು. ಮೋಡ ಇಲ್ಲದ ರಾತ್ರಿ ಸಿಕ್ಕರೆ ಟಾರ್ಚ್ ಆರಿಸಿ ಎಲ್ಲರನ್ನೂ ಕೆರೆ ಮೇಲೆ ಕರೆದುಕೊಂಡು ಹೋಗಿ, ಹತ್ತು ನಿಮಿಷ ಯಾರೂ ಮಾತಾಡಬಾರದು. ಧ್ರುವ ನಕ್ಷತ್ರ ತೋರಿಸಿ. ಅದು ಎಷ್ಟು ಡಿಗ್ರಿ ಎತ್ತರದಲ್ಲಿ ಕಾಣುತ್ತದೋ ಅದೇ ನೀವು ನಿಂತ ಜಾಗದ ಅಕ್ಷಾಂಶ. ಮೈಸೂರಿನಲ್ಲಿ ಅದು ಸುಮಾರು 12 ಡಿಗ್ರಿ, ತೆಂಗಿನ ಮರದ ಹಿಂದೆ ಅಡಗಿರುತ್ತದೆ. ನಿಮ್ಮಲ್ಲಿ 62, ಕತ್ತು ಎತ್ತಿ ನೋಡಬೇಕು. ಬ್ರೆಜಿಲ್ಲಿನವರಲ್ಲಿ ಹೆಚ್ಚಿನವರಿಗೆ ಊರಲ್ಲಿ ಅದು ಕಾಣುವುದೇ ಇಲ್ಲ. ಪ್ರತಿಯೊಬ್ಬರೂ ತಮ್ಮ ಊರಲ್ಲಿ ಅದು ಎಲ್ಲಿರುತ್ತದೆ ಅಂತ ಕೈ ಚಾಚಿ ತೋರಿಸಲಿ.

ಧ್ರುವಜ್ಯೋತಿ (ಆಕಾಶದಲ್ಲಿ ಕುಣಿಯುವ ಬಣ್ಣದ ಬೆಳಕು) ಮಾತ್ರ ಕಾರ್ಯಕ್ರಮದಲ್ಲಿ ಬರೆಯಬೇಡಿ. ಅದು ಜಾಸ್ತಿ ಕಾಣುವುದು ದೇಶದ ಉತ್ತರ ತುದಿಯ ಲ್ಯಾಪ್‌ಲ್ಯಾಂಡಿನಲ್ಲಿ. ನಿಮ್ಮ ಕಡೆ ಬಂದರೆ ಅದೃಷ್ಟ. ಪಟ್ಟಿಯಲ್ಲಿ ಹಾಕಿಬಿಟ್ಟರೆ ರಾತ್ರಿ ಎರಡಕ್ಕೆ ನಿಮ್ಮ ಬಾಗಿಲು ಬಡಿಯುತ್ತಾರೆ.

ಕಾಫಿಗಿಡ
ಜನವರಿ 8, ರಾತ್ರಿ 9:12

ರಾತ್ರಿ ರಸ್ತೆ ಬದಿ ನಡೆಯುವುದಾದರೆ ಪ್ರತಿಯೊಬ್ಬರಿಗೂ ಹೊಳೆಯುವ ಬಿಲ್ಲೆ ಕೊಡಿ, ಹೆಯಾಸ್ತಿನ್ ಅನ್ನುತ್ತಾರೆ. ಕತ್ತಲಲ್ಲಿ ನಡೆಯುವವರು ಅದನ್ನು ಹಾಕಿಕೊಳ್ಳಬೇಕು ಅಂತ ಇಲ್ಲಿ ಕಾನೂನೇ ಇದೆ. ನೆನಪಿಗೆ ಉಡುಗೊರೆಯೂ ಆಗುತ್ತದೆ, ಸಮ್ಮೇಳನದ ಹೆಸರು ಬರೆದ ಪೆನ್ನಿಗಿಂತ ವಾಸಿ.

ರಾಯಚೂರು_ಬಿಸಿಲು
ಜನವರಿ 8, ರಾತ್ರಿ 9:30

ಪಾರ್ಟಿ ಬಗ್ಗೆ ಯಾರೂ ಹೇಳಲಿಲ್ಲ. ನಮ್ಮಲ್ಲಿ ಸಿತ್ಸಿತ್ ಅಂತ ಮಾಡುತ್ತಾರಂತೆ, ಉದ್ದ ಮೇಜು, ಹಾಡಿನ ಪುಸ್ತಕ, ಪ್ರತಿ ಹಾಡಿಗೂ ಗುಟುಕು. ನಾನು ಕುಡಿಯುವುದಿಲ್ಲ. ಹೋಗಬಹುದಾ?

ಔಲು_ಗುರು
ಜನವರಿ 8, ರಾತ್ರಿ 9:48

ಧಾರಾಳವಾಗಿ. ಹೆಸರು ಕೊಡುವಾಗಲೇ ಮದ್ಯ ಬೇಡ ಅಂತ ಗುರುತು ಹಾಕು, ಜ್ಯೂಸ್ ಕೊಡುತ್ತಾರೆ. ಲೋಟ ಎತ್ತಬೇಕು ಅಷ್ಟೇ, ಒಳಗೆ ಏನಿದೆ ಅಂತ ಯಾರೂ ಇಣುಕುವುದಿಲ್ಲ. ಹಾಡುಗಳು ಹೆಚ್ಚಾಗಿ ಫಿನ್ನಿಶ್ ಭಾಷೆಯಲ್ಲಿ ಇರುತ್ತವೆ, ಅರ್ಥ ಕೇಳಬೇಡ, ಕೆಲವು ಗೊತ್ತಾಗದಿದ್ದರೇ ಒಳ್ಳೆಯದು.

ಯುವಾಸ್ಕುಲಾ_ಹುಡುಗಿ
ಫೆಬ್ರವರಿ 3, ರಾತ್ರಿ 8:15

ಮುಗಿಸಿಕೊಂಡು ಬಂದೆ, ಎರಡು ದಿನ ನಿದ್ದೆ ಮಾಡಿದೆ, ಈಗ ಬರೆಯುತ್ತಿದ್ದೇನೆ.

ಮೊದಲು ಗಡಿಯಾರ. ಪ್ರೊಫೆಸರ್ "ಎರಡೂವರೆ ತಾಸು ಊಟಕ್ಕಾ?" ಅಂದರು. ಸೂರ್ಯ ಹುಟ್ಟುವ ಮುಳುಗುವ ಹೊತ್ತನ್ನು ವೇಳಾಪಟ್ಟಿಯ ಪಕ್ಕದಲ್ಲೇ ಬರೆದು ತೋರಿಸಿದೆ. ಸ್ವಲ್ಪ ಹೊತ್ತು ನೋಡಿ ಹ್ಞೂಂ ಅಂದರು. ಇಲ್ಲಿಯವರ ಒಂದು ಹ್ಞೂಂ ನಮ್ಮವರ ಅರ್ಧ ಗಂಟೆ ಹೊಗಳಿಕೆಗೆ ಸಮ.

ಊಟದಲ್ಲಿ ಎಡವಿದೆ. ಕಾಫಿಗಿಡ ಹೇಳಿದ ಹಾಗೆ ಬೇರೆ ಪಾತ್ರೆ, ಬೇರೆ ಸೌಟು, ಚೀಟಿ ಎಲ್ಲ ಮಾಡಿಸಿದ್ದೆ. ಆದರೆ ಮಾಂಸ ತಿನ್ನುವವರೂ ಸಸ್ಯಾಹಾರಿ ಸೂಪು ಚೆನ್ನಾಗಿದೆ ಅಂತ ಅದನ್ನೇ ಬಡಿಸಿಕೊಂಡರು. ಬಸ್ ತಡವಾಗಿ ಕೊನೆಗೆ ಬಂದ ನಾಲ್ಕು ಜನಕ್ಕೆ, ಅವರಲ್ಲಿ ಮೂವರು ನಮ್ಮವರು, ಖಾಲಿ ಪಾತ್ರೆ. ಪಾಪ, ರೈ ಬ್ರೆಡ್ಡು ಬೆಣ್ಣೆ ಮತ್ತು ಪ್ಯಾನ್‌ಕೇಕಿನಲ್ಲಿ ಮುಗಿಸಿದರು. ಮರುದಿನದಿಂದ ಅವರ ಹೆಸರು ಬರೆದು ತಟ್ಟೆ ತೆಗೆದಿಡಿಸಿದೆ. ಮುಂದೆ ಯಾರಾದರೂ ಮಾಡುವುದಿದ್ದರೆ ಎಣಿಸಿದ್ದಕ್ಕಿಂತ ಅರ್ಧದಷ್ಟು ಜಾಸ್ತಿ ಮಾಡಿಸಿ.

ಮಧ್ಯಾಹ್ನದ ಹೊತ್ತು ಮಾತ್ರ ಬಂಗಾರ. ಶುಕ್ರವಾರ ಮೈನಸ್ 18, ಗಾಳಿ ಇಲ್ಲ, ಬಿಸಿಲು. ವಿಯೆಟ್ನಾಮಿನ ಹುಡುಗ ಫೋಟೋ ತೆಗೆಯಲು ಮೊಬೈಲ್ ಎತ್ತಿದ, ಚಳಿಗೆ ಬ್ಯಾಟರಿ ಸತ್ತಿತ್ತು, ಅವನೊಬ್ಬನೇ ಆ ದಿನ ಎಲ್ಲವನ್ನೂ ಕಣ್ಣಿನಲ್ಲಿ ನೋಡಿದವನು. ಪಿಲ್ಕ್ಕಿಗೆ ಎಂಟು ತೂತು ಕೊರೆದರು. ಎರಡು ತಾಸಿಗೆ ಸಿಕ್ಕಿದ್ದು ಬೆರಳುದ್ದದ ಎರಡು ಮೀನು, ವಾಪಸ್ ಬಿಟ್ಟೆವು. ತಿಮ್ಮ ಅವರ ಮಾತು ನಿಜ, ನಾಲ್ಕು ವರ್ಷದಿಂದ ನನ್ನ ಪಕ್ಕದ ಕೋಣೆಯಲ್ಲಿ ಇದ್ದೂ "ಹೈ" ಬಿಟ್ಟು ಬೇರೆ ಮಾತಾಡದ ಒಬ್ಬ ಇಲ್ಲಿಯ ಹುಡುಗ, ಆ ತೂತು ನೋಡುತ್ತಾ ಅವನ ಅಜ್ಜನ ಕಥೆ ಪೂರ್ತಿ ಹೇಳಿದ.

ತಪ್ಪು ಬರೆದೆ, ನಾಲ್ಕು ಅಲ್ಲ, ಎರಡು ವರ್ಷ. ನಾಲ್ಕು ಅಂತ ಅನಿಸುತ್ತದೆ.

ಇನ್ನೊಂದು ಯೋಜನೆಯಲ್ಲೇ ಇರಲಿಲ್ಲ. ಕೇಂದ್ರದವರ ಬಳಿ ಮೊಲ್ಕ್ಕು ಆಟದ ಗೂಟಗಳಿದ್ದವು. ಹನ್ನೆರಡು ಗೂಟ, ಕೋಲು ಎಸೆದು ಬೀಳಿಸಿ ಸರಿಯಾಗಿ 50 ಅಂಕ ಮಾಡಬೇಕು, ದಾಟಿದರೆ 25ಕ್ಕೆ ಇಳಿಸುತ್ತಾರೆ. ಸ್ವಲ್ಪ ಹೊತ್ತು ಆಡಿದೆವು. ಆಮೇಲೆ ಧಾರವಾಡದ ಕಡೆಯ ಒಬ್ಬಳು ಗೂಟಗಳನ್ನು ಒಂದರ ಮೇಲೊಂದು ಪೇರಿಸಿ "ಇದು ಲಗೋರಿ" ಅಂದಳು. ಚೆಂಡು ಇರಲಿಲ್ಲ, ಕೆಂಪು ಸಾಕ್ಸಿಗೆ ಸಾಕ್ಸ್ ತುರುಕಿ ಗಂಟು ಹಾಕಿದೆವು. ಮೊಣಕಾಲುದ್ದ ಹಿಮದಲ್ಲಿ ಓಡಲು ಆಗುವುದಿಲ್ಲ, ಎಲ್ಲರೂ ಕನಸಿನಲ್ಲಿ ಓಡಿದ ಹಾಗೆ ಓಡುತ್ತಿದ್ದರು. ಬಿದ್ದರೂ ನೋವಾಗುವುದಿಲ್ಲ. ನಕ್ಕು ನಕ್ಕು ಹೊಟ್ಟೆ ಹುಣ್ಣಾಯಿತು. ಗೂಟ ನಿಲ್ಲಿಸಿಬಿಟ್ಟಾಗ "ಲಗೋರಿ" ಅಂತ ಕೂಗಬೇಕು ಅಂದಿದ್ದಕ್ಕೆ ಇಟಲಿಯವರು ಸುಮ್ನೆ ಸುಮ್ನೆ ಕೂಗುತ್ತಿದ್ದರು.

ಸೌನಾ ಮೂರು ಸರದಿ ಮಾಡಿದೆವು. ಮಂಜಿನ ತೂತಿಗೆ ಇಳಿದವರು 13 ಜನ. ನೈಜೀರಿಯಾದ ಹುಡುಗಿ ಮೊದಲೇ ಹೇಳಿದ್ದಳು, ನಾನು ಸಾಯಲು ಬಂದಿಲ್ಲ ಅಂತ. ಆದರೆ ಕೋಟು, ಟೋಪಿ ಹಾಕಿಕೊಂಡು ಟವೆಲ್ ರಾಶಿ ಹಿಡಿದು ದಡದಲ್ಲಿ ನಿಂತಳು, ಒಬ್ಬೊಬ್ಬರ ಸೆಕೆಂಡು ಎಣಿಸಿದಳು, ಹೊತ್ತಾದರೆ ಗದರಿ ಮೇಲೆ ಬರಿಸಿದಳು. ಮರುದಿನ ಎಲ್ಲರಿಗೂ ಗೊತ್ತಿದ್ದ ಒಂದೇ ಹೆಸರು ಅವಳದು. ನಾನು? ಮೊಣಕಾಲು ತನಕ. ಲೆಕ್ಕಕ್ಕೆ ಹಿಡಿಯಲಿಲ್ಲ ಅವಳು.

ಕ್ವಿಜ್ ನೀರಸ. ಇಪ್ಪತ್ತು ನಿಮಿಷಕ್ಕೆ ನಿಲ್ಲಿಸಿದೆ. ದಿನವಿಡೀ ಪ್ರಶ್ನೆಗೆ ಉತ್ತರ ಹೇಳಿದವರಿಗೆ ರಾತ್ರಿ ಮತ್ತೆ ಪ್ರಶ್ನೆ ಕೇಳಿದ್ದು ನನ್ನದೇ ದಡ್ಡತನ. ಜನ ತಾವಾಗಿ ಅಡುಗೆಮನೆಗೆ ಹೋಗಿ ಲೋಟ ತೊಳೆಯುತ್ತಾ ನಿಂತರು, ರಾತ್ರಿ ಒಂದರ ತನಕ ಮಾತು ಅಲ್ಲೇ ನಡೆಯಿತು.

ನಕ್ಷತ್ರ ನೋಡಲು ಶುಕ್ರವಾರ ರಾತ್ರಿ ಹೋದೆವು. ಹತ್ತು ನಿಮಿಷ ಸುಮ್ಮನಿರಿ ಅಂದೆ, ಇಲ್ಲಿಯವರಿಗೆ ಅದು ರಜಾ ಇದ್ದ ಹಾಗೆ, ನಮ್ಮವರಿಗೆ ಮೂರನೇ ನಿಮಿಷಕ್ಕೆ ಕೆಮ್ಮು. ಆಮೇಲೆ ಒಬ್ಬೊಬ್ಬರೂ ಕೈ ಚಾಚಿ ತಮ್ಮ ಊರಿನ ಧ್ರುವ ನಕ್ಷತ್ರ ತೋರಿಸಿದರು. ಬ್ರೆಜಿಲ್ಲಿನವನು ಬಗ್ಗಿ ಕಾಲ ಕೆಳಗಿನ ಮಂಜನ್ನು ತೋರಿಸಿದ. ಧ್ರುವಜ್ಯೋತಿ ಬರಲಿಲ್ಲ, ಯಾರೂ ಕೇಳಲೂ ಇಲ್ಲ.

600ರಲ್ಲಿ 140 ಉಳಿಯಿತು. ಕೊನೆ ದಿನ ರೂನೆಬರ್ಗ್ ಕೇಕಿಗೆ ಹಾಕಿದೆವು.

ಹಳೇ_ಮೈಸೂರು
ಫೆಬ್ರವರಿ 3, ರಾತ್ರಿ 8:50

ಕಾಲ ಕೆಳಗೆ ತೋರಿಸಿದ ಹುಡುಗನಿಗೆ ನನ್ನ ಕಡೆಯಿಂದ ಒಂದು ಕಾಫಿ.

ಔಲು_ಗುರು
ಫೆಬ್ರವರಿ 3, ರಾತ್ರಿ 9:05

ತಳ್ಳದೆ 13 ಜನ ಇಳಿದರಾ? ಸರಿ ಬಿಡಿ, ಸೋತೆ. ಮೊಣಕಾಲು ತನಕ ಮಾತ್ರ ಲೆಕ್ಕಕ್ಕಿಲ್ಲ, ಆ ಹುಡುಗಿಯ ಪಕ್ಷ ನಾನು.

ರಾಯಚೂರು_ಬಿಸಿಲು
ಫೆಬ್ರವರಿ 3, ರಾತ್ರಿ 9:20

ನಾನು ಹೆಸರು ಕೊಟ್ಟೆ. ನಮ್ಮದು ಮುಂದಿನ ವಾರ. ಸೌನಾಗೂ ಬರೆದಿದ್ದೇನೆ, ಕೆಳಗಿನ ಹಲಗೆ. ಉಣ್ಣೆ ಸಾಕ್ಸ್ ಎರಡು ಜೊತೆ ಇದೆ, ಸಾಕಾ?

ಸಾಗರದವಳು
ಫೆಬ್ರವರಿ 3, ರಾತ್ರಿ 9:31

ನಾಲ್ಕು ತಗೋ. ಒಂದು ಜೊತೆ ಲಗೋರಿ ಚೆಂಡಿಗೆ ಹೋಗುತ್ತದೆ.